ಮಾಸ್ ಬಂಕ್ ಮತ್ತು ಗುವಾಹಟಿ ರೈಲು

ಮಾಸ್ ಬಂಕ್ ಹೇಗೆ ಫೇಲ್ ಆಗುತ್ತೆ ಅಂತ ಗಮನಿಸಿದ್ದೀರಾ? ರಾತ್ರಿ ಗ್ರೂಪಲ್ಲಿ ಎಲ್ಲರೂ "ನಾಳೆ ಯಾರೂ ಹೋಗಲ್ಲ" ಅಂತಾರೆ. ಬೆಳಿಗ್ಗೆ ಫಸ್ಟ್ ಬೆಂಚಿನ ಇಬ್ಬರು ಹೋಗಿ ಕೂತ್ರೆ ಸಾಕು, ಅಟೆಂಡೆನ್ಸ್ ಭಯಕ್ಕೆ ಹತ್ತು ನಿಮಿಷದಲ್ಲಿ ಕ್ಲಾಸ್ ಫುಲ್. ಅದೇ ಜನ ಇನ್ನೊಂದು ದಿನ ಒಬ್ಬರೂ ಬರಲ್ಲ.

1978ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಇದಕ್ಕೊಂದು ಮಾಡೆಲ್ ಕೊಟ್ಟರು. ಎಷ್ಟು ಜನ ಮಾಡಿದ ಮೇಲೆ ನಾನೂ ಮಾಡ್ತೀನಿ ಅನ್ನೋ ಸಂಖ್ಯೆಯೇ ನಮ್ಮ ನಮ್ಮ ಥ್ರೆಶೋಲ್ಡ್. 100 ಜನರಲ್ಲಿ ಒಬ್ಬರದ್ದು 0, ಇನ್ನೊಬ್ಬರದ್ದು 1, ಹೀಗೆ 99ರವರೆಗೆ ಇದೆ ಅಂದ್ಕೊಳ್ಳಿ. 0 ಇರೋನು ಶುರು ಮಾಡ್ತಾನೆ, ಅವನನ್ನು ನೋಡಿ 1 ಇರೋನು, ಇಬ್ಬರನ್ನೂ ನೋಡಿ 2 ಇರೋನು... ಕೊನೆಗೆ ನೂರೂ ಜನ. ಈಗ ಆ 1 ಅನ್ನು ಮಾತ್ರ 2 ಮಾಡಿ. ಮೊದಲನೆಯವನು ಒಬ್ಬನೇ ನಿಂತಿರ್ತಾನೆ! ಸರಾಸರಿ 49.5 ಇದ್ದದ್ದು 49.51 ಆಯ್ತು, ಅಷ್ಟೇ.

ಬರೀ ಬಂಕ್ ವಿಷಯ ಆಗಿದ್ರೆ ಇದನ್ನು ಬರೀತಿರಲಿಲ್ಲ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಾಝಾರ್ ಕಡೆ ಹಿಂಸಾಚಾರ ನಡೆಯಿತು. ಆಗಸ್ಟಿನಲ್ಲಿ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್‌ಎಂಎಸ್‌ಗಳು ಹರಿದಾಡಿದವು. ಹೋಟೆಲ್, ಸಲೂನ್, ಸೆಕ್ಯುರಿಟಿ ಕೆಲಸದವರು, ನಮ್ಮಂಥ ವಿದ್ಯಾರ್ಥಿಗಳು, ಸಾವಿರಾರು ಜನ ಬ್ಯಾಗ್ ಹಿಡಿದು ಸಿಟಿ ಸ್ಟೇಷನ್ನಿಗೆ ಬಂದರು. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಮೆಸೇಜಿನಲ್ಲಿ ಹೇಳಿದಂಥ ಸಾಮೂಹಿಕ ದಾಳಿ ಮಾತ್ರ ನಡೆಯಲೇ ಇಲ್ಲ.

ಹಾಗಾದ್ರೆ ಅವರೆಲ್ಲ ಮೆಸೇಜ್ ನಂಬಿದ ಮುಗ್ಧರಾ? ಮಾಡೆಲ್ ಪ್ರಕಾರ ನಂಬಲೇಬೇಕಿಲ್ಲ. ಇಂದಿರಾನಗರದ ಒಂದು ಹೋಟೆಲಿನಲ್ಲಿ ಕೆಲಸ ಮಾಡೋ ಹುಡುಗನನ್ನು ಊಹಿಸಿ. ಮೆಸೇಜ್ ನೋಡಿ ನಗ್ತಾನೆ. ಸಂಜೆ ರೂಮಿನವರು ಇಬ್ಬರು ಹೊರಡ್ತಾರೆ. ಊರಿಂದ ಅಮ್ಮನ ಫೋನ್. ಟಿವಿಯಲ್ಲಿ ಪ್ಲಾಟ್‌ಫಾರಂ ತುಂಬ ಜನ. ಈಗ ಅವನು ಎಣಿಸ್ತಿರೋದು ರೂಮಿನ ಇಬ್ಬರನ್ನಲ್ಲ, ಸಾವಿರಾರು ಜನರನ್ನು. ವಿಶೇಷ ರೈಲು ಬೇಕೇ ಇತ್ತು, ಆದರೆ ಅದರ ಸುದ್ದಿಯೂ ಈ ಎಣಿಕೆಗೇ ಸೇರಿರಬೇಕು ಅಂತ ನನಗನ್ನಿಸುತ್ತೆ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್.

ಕೇಂದ್ರ ಸರ್ಕಾರ ಬಲ್ಕ್ ಎಸ್‌ಎಂಎಸ್ ನಿಲ್ಲಿಸಿ, ದಿನಕ್ಕೆ 5 ಮೆಸೇಜ್ ಅಂತ ಮಿತಿ ಹಾಕಿತು. ಅದು ನೆಟ್‌ವರ್ಕಿನ ಕೊಂಡಿ ಕತ್ತರಿಸೋ ದಾರಿ. ಥ್ರೆಶೋಲ್ಡ್ ಹಾಗೇ ಉಳಿಯುತ್ತೆ. ಬೀದಿಯಲ್ಲಿ ದಿನಾ "ಚಿಂಕಿ" ಅಂತ ಕರೆಸಿಕೊಳ್ಳೋನ ಥ್ರೆಶೋಲ್ಡ್ ಮೆಸೇಜ್ ಬರೋಕ್ಕೆ ಮುಂಚೆಯೇ ಕಮ್ಮಿ ಇರುತ್ತೆ. "ಇಲ್ಲೇ ಇರು, ನಾವಿದ್ದೀವಿ" ಅಂತ ಮನೆ ಓನರ್ ಹೇಳಿದ್ರೆ ಅದು 1ರಿಂದ 2 ಆಗಬಹುದು.

ಮುಂದಿನ ವಾರಗಳಲ್ಲಿ ಹಲವರು ವಾಪಸ್ ಬಂದರು. ಅದಕ್ಕೂ ಯಾರೋ ಒಬ್ಬರು ಮೊದಲು ಬಂದು, ಊರಿಗೆ ಫೋನ್ ಮಾಡಿ "ಏನೂ ಆಗಿಲ್ಲ, ಬನ್ನಿ" ಅಂದಿರಬೇಕು.