ಕೀ ತಿರುಗಿಸಿದಾಗ ಕರೆಂಟ್ ಎಲ್ಲೆಲ್ಲಿ ಹೋಗುತ್ತದೆ?

ಹಲಸೂರು, ಇಂದಿರಾನಗರದ ಅಡ್ಡರಸ್ತೆಗಳಲ್ಲಿ ರಾತ್ರಿಯೆಲ್ಲ ಬೀದಿಯಲ್ಲೇ ನಿಲ್ಲುವ ಕಾರುಗಳು ಬೇಕಾದಷ್ಟು. ಹಳೆಯ ಕಾರಾದರೆ ಮಾಲೀಕರು ಶಿವಾಜಿನಗರದ ಅಂಗಡಿಗೆ ಹೋಗಿ ಅಲಾರಾಂ ಹಾಕಿಸುತ್ತಾರೆ. ಸೈರನ್, ಇಂಡಿಕೇಟರ್, ಬಾಗಿಲಿನ ಸ್ವಿಚ್ಚುಗಳಿಗೆ ವಯರ್ ಎಳೆಯುವುದು ಸುಲಭ. ಕಷ್ಟವಿರುವುದು ಸ್ಟೀರಿಂಗ್ ಕೆಳಗೆ, ಇಗ್ನಿಷನ್ ಸ್ವಿಚ್ಚಿನ ಹಿಂದೆ.

ಅಲ್ಲಿ ದಪ್ಪನೆಯ ಐದಾರು ವಯರುಗಳಿರುತ್ತವೆ. ಒಂದರಲ್ಲಿ ಬ್ಯಾಟರಿಯ 12 ವೋಲ್ಟ್ ಸದಾ ಇರುತ್ತದೆ, ಅದೇ ಮೇನ್. ಕೀಯನ್ನು ಮೊದಲ ಹಂತಕ್ಕೆ ತಿರುಗಿಸಿದರೆ ಎಸಿಸಿ (ಆಕ್ಸೆಸರಿ) ವಯರಿಗೆ ಕರೆಂಟ್ ಬಂದು ಸ್ಟೀರಿಯೊ ಹಾಡುತ್ತದೆ. ‘ಆನ್’ ಹಂತದಲ್ಲಿ ಇಗ್ನಿಷನ್ ವಯರುಗಳು ಜೀವ ತಳೆಯುತ್ತವೆ. ಕೊನೆಯ ಹಂತದಲ್ಲಿ, ಕೀ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ, ಸೆಲ್ಫ್ ಮೋಟರಿನ ವಯರಿಗೆ ಕರೆಂಟ್ ಸಿಗುತ್ತದೆ.

ಸೆಲ್ಫ್ ಮೋಟರ್ ನೂರು ಆಂಪಿಯರಿಗೂ ಹೆಚ್ಚು ಕರೆಂಟ್ ಎಳೆಯಬಲ್ಲದು. ಮನೆಯ ಬೋರ್‌ವೆಲ್ ಪಂಪ್ ಹಾಕಿದಾಗ ಬಲ್ಬು ಮಂಕಾಗುವಂತೆ, ಆಗ ಬ್ಯಾಟರಿಯ ವೋಲ್ಟೇಜ್ 10ರ ಆಸುಪಾಸಿಗೆ ಕುಸಿಯುತ್ತದೆ. ಹೊರೆ ತಗ್ಗಿಸಲೆಂದು ಸ್ವಿಚ್ ಆ ಕ್ಷಣಕ್ಕೆ ಸ್ಟೀರಿಯೊ, ಬ್ಲೋವರ್‌ಗಳ ವಯರುಗಳನ್ನು ಬಿಡಿಸುತ್ತದೆ. ಎಂಜಿನ್ನಿಗೆ ಕಿಡಿ ಬೇಕೇ ಬೇಕಾದ್ದರಿಂದ ಮುಖ್ಯ ಇಗ್ನಿಷನ್ ವಯರನ್ನು ಮಾತ್ರ ಬಿಡಿಸುವುದಿಲ್ಲ. ಅಲಾರಾಮಿಗೆ ಬೇಕಾದದ್ದು ಈ ವಯರೇ. ಎಸಿಸಿಗೆ ಜೋಡಿಸಿದರೆ, ಸೆಲ್ಫ್ ಹೊಡೆದಾಗಲೆಲ್ಲ ಕೀ ಆಫ್ ಆಯಿತೆಂದು ಅಲಾರಾಂ ಮೋಸಹೋಗುತ್ತದೆ.

ಬಣ್ಣ ನೋಡಿ ವಯರ್ ಗುರುತಿಸಲಾಗದು. ಕಂಪನಿಗೊಂದು, ಮಾಡೆಲ್ಲಿಗೊಂದು ಬಣ್ಣ. ಮಲ್ಟಿಮೀಟರ್ ಹಿಡಿದು ನೋಡಬೇಕು: ‘ಆನ್’ನಲ್ಲೂ ಸೆಲ್ಫ್ ಹೊಡೆಯುವಾಗಲೂ ವೋಲ್ಟೇಜ್ ಇದ್ದು, ಆಫ್ ಮಾಡಿದಾಗ ಸೊನ್ನೆಯಾದರೆ ಅದೇ ಸರಿಯಾದ ವಯರ್. ಬಲ್ಬಿನ ಟೆಸ್ಟರ್ ತಾನೇ ಕರೆಂಟ್ ಎಳೆಯುವುದರಿಂದ ನಾಜೂಕಾದ ಸರ್ಕೀಟುಗಳಿಗೆ ಅಪಾಯ. ಹಳದಿ ಕವಚದ ವಯರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವನ್ನು ಮುಟ್ಟಲೇಬಾರದು.

ಕಳ್ಳನು ಗಾಡಿ ಓಡಿಸದಂತೆ ತಡೆಯುವುದು ರಿಲೇ, ಅಂದರೆ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್. ಅದರ ಕಾಲುಗಳ ಮೇಲಿನ 30, 85, 86, 87, 87ಎ ಎಂಬ ಗುರುತುಗಳು ಜರ್ಮನಿಯ ಡಿಐಎನ್ 72552 ಮಾನಕದಿಂದ ಬಂದವು. 85 ಮತ್ತು 86ರ ನಡುವೆ ಸುರುಳಿ ಇದೆ. ಅದಕ್ಕೆ ಕರೆಂಟ್ ಇಲ್ಲದಾಗ 30 ಮತ್ತು 87ಎ ಕೂಡಿಕೊಂಡಿರುತ್ತವೆ. ಕರೆಂಟ್ ಬಂದರೆ ಬೇರ್ಪಡುತ್ತವೆ. ಸೆಲ್ಫ್ ವಯರನ್ನು ಕತ್ತರಿಸಿ ಈ ಎರಡು ಕಾಲುಗಳಿಗೆ ಜೋಡಿಸಿದರೆ, ಅಲಾರಾಂ ಆನ್ ಇದ್ದಾಗ ಸೆಲ್ಫ್ ತಿರುಗುವುದಿಲ್ಲ.

ಕೆಲವರು ಇಗ್ನಿಷನ್ ವಯರನ್ನೇ ಕತ್ತರಿಸಿ ರಿಲೇ ಹಾಕುತ್ತಾರೆ. ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಹೋಗುವಾಗ ಆ ರಿಲೇ ಕೈಕೊಟ್ಟರೆ ಎಂಜಿನ್ ಆರಿಹೋಗುತ್ತದೆ. ಸ್ಟೀರಿಂಗ್ ಬಿಗಿಯಾಗುತ್ತದೆ, ನಾಲ್ಕಾರು ಬಾರಿ ತುಳಿದ ಮೇಲೆ ಬ್ರೇಕೂ ಕಲ್ಲಿನಂತಾಗುತ್ತದೆ. ಸೆಲ್ಫ್ ವಯರಿನ ರಿಲೇ ಕೆಟ್ಟರೆ ನಿಂತ ಕಾರು ಸ್ಟಾರ್ಟ್ ಆಗದು, ಅಷ್ಟೆ.

ಬ್ಯಾಟರಿಯ ಲೆಕ್ಕವೂ ಮುಖ್ಯ. ಕಾವಲಿರುವ ಅಲಾರಾಂ 25 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 0.6 ಆಂಪಿಯರ್-ಅವರ್. 35 ಆಂಪಿಯರ್-ಅವರಿನ ಬ್ಯಾಟರಿ ತಿಂಗಳಲ್ಲಿ ಅರ್ಧ ಬರಿದು. ರಿಲೇಯ ಸುರುಳಿ ಸುಮಾರು 150 ಮಿಲಿಆಂಪಿಯರ್ ನುಂಗುತ್ತದೆ; ಅದನ್ನು ಮೇನ್‌ಗೆ ಕೊಟ್ಟು ರಾತ್ರಿಹಗಲು ಎಳೆದಿಟ್ಟರೆ ಹತ್ತು ದಿನದೊಳಗೆ ಬ್ಯಾಟರಿ ಖಾಲಿ. ಹಾಗಾಗಿ ಸುರುಳಿಯ ಒಂದು ತುದಿಯನ್ನು ಇಗ್ನಿಷನ್ ವಯರಿಗೆ, ಇನ್ನೊಂದನ್ನು ಅಲಾರಾಮಿಗೆ ಕೊಡುತ್ತಾರೆ: ಯಾರಾದರೂ ಕೀ ತಿರುಗಿಸಿದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಿಗೆ ಈ ಪಾಠ ಹೊಂದದು. ಅಲ್ಲಿ ಕೀ ಸ್ವಿಚ್ಚಿನ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಆ ಮಾಡೆಲ್ಲಿಗೆಂದೇ ಮಾಡಿದ ಪ್ಲಗ್ ಕಿಟ್ ಇದ್ದರೆ ವಯರ್ ಕತ್ತರಿಸದೆ ಕೂಡಿಸಬಹುದು.

ಕೀ ಇರುವ ಕಾರಾದರೆ, ಹಣ ಕೊಡುವ ಮೊದಲು ಅಂಗಡಿ ಮುಂದೆಯೇ ಒಂದು ಪರೀಕ್ಷೆ ಮಾಡಿಸಿ. ಎಂಜಿನ್ ಓಡುತ್ತಿರುವಾಗ ಅಲಾರಾಮಿನ ಫ್ಯೂಸ್ ಕೀಳಲಿ. ಎಂಜಿನ್ ನಿಂತರೆ ವಯರಿಂಗನ್ನು ಬಿಚ್ಚಿ ಮತ್ತೆ ಮಾಡಿಸಿಕೊಳ್ಳಿ.