ಕಾರಿಗೆಂದು ಕಟ್ಟಿಸಿದ ಕೋಣೆ

ರಾಯಚೂರಿನ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬಂದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳದೆ ಇರದು. ನೆಲಮಹಡಿಯಲ್ಲಿ ಕಾರಿಗೆಂದೇ ಕಟ್ಟಿಸಿದ, ಷಟರ್ ಎಳೆದ ಕೋಣೆ ಇರುತ್ತದೆ. ಅದರೆದುರು ರಸ್ತೆಬದಿಯ ಬೇವಿನ ಮರದ ಅರೆನೆರಳಿನಲ್ಲಿ, ಮಾಸಿದ ಹೊದಿಕೆ ಹೊದ್ದು ಕಾರು ನಿಂತಿರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಊರಿದು. ಇಂತಹ ಊರಿನಲ್ಲಿ ಲಕ್ಷಗಟ್ಟಲೆ ಬೆಲೆಯ ವಾಹನ ಬಿಸಿಲಿನಲ್ಲಿ, ಮೂರು ಕಾಸಿನ ಸಾಮಾನು ನೆರಳಿನಲ್ಲಿ! ಷಟರ್ ಎತ್ತಿ ನೋಡಿದರೆ ಒಳಗೆ ಕಾಲಿಡಲು ಸ್ಥಳವಿರುವುದಿಲ್ಲ.

ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಬ್ಯಾಂಕಿನ ನೌಕರಿಯಲ್ಲಿ ಊರೂರು ತಿರುಗಿ ನಿವೃತ್ತನಾಗಿ ರಾಯಚೂರಿನಲ್ಲಿ ನೆಲೆಸಿದ ಮೇಲೆ ನಮ್ಮ ಕಾರ್ ಶೆಡ್ಡು ಎರಡು ಮನೆತನಗಳ ಉಗ್ರಾಣವಾಗಿ ಪರಿಣಮಿಸಿತು. ನನ್ನ ಹುಟ್ಟೂರು ಮಾನ್ವಿ. ಅಲ್ಲಿಯ ಮಾಳಿಗೆ ಮನೆಯನ್ನು 2011ರಲ್ಲಿ ಮಾರಿದಾಗ ಬಂದದ್ದು: ಕೂರಿಗೆಯ ಬಟ್ಟಲು, ಎತ್ತಿನ ಕೊರಳ ಗಂಟೆಗಳು, ಎರಡು ಕಬ್ಬಿಣದ ಸಂದೂಕ, ಅಡಕೊತ್ತು, ಕಾಲು ಮುರಿದ ತೊಟ್ಟಿಲು, ಅಜ್ಜನ ಕಾಗದಪತ್ರಗಳ ಗಂಟು. ಹೆಂಡತಿಯ ತವರು ದೇವದುರ್ಗ. 2014ರಲ್ಲಿ ಅವಳ ಅಣ್ಣತಮ್ಮಂದಿರು ಪಾಲಾದಾಗ ಅಲ್ಲಿಂದ ಬಂದದ್ದು ಒಂದು ತಾಮ್ರದ ಹಂಡೆ, ಒಂದು ಬೀಸುವ ಕಲ್ಲು, ಏಳು ಕೌದಿಗಳು. ಇವೆರಡರ ನಡುವೆ ನಮ್ಮದೇ ಸಂಪಾದನೆಯ ಸ್ಮಾರಕಗಳು: ಹದಿಮೂರು ವರ್ಗಾವಣೆಗಳ ರಟ್ಟಿನ ಪೆಟ್ಟಿಗೆಗಳು (ಅವುಗಳಲ್ಲಿ ಕೆಲವನ್ನು ಬಿಚ್ಚಿಯೇ ಇರಲಿಲ್ಲ), ಮಕ್ಕಳ ಸೈಕಲ್ಲು, ಡಬ್ಬದಂತಹ ಹಳೆಯ ಟಿವಿ, ಮೂರು ಏರ್ ಕೂಲರುಗಳ ಅಸ್ಥಿಪಂಜರ, ನೀರಿನ ಬ್ಯಾರಲ್ಲುಗಳು.

ದಂಪತಿಗಳ ನಡುವೆ ಇಂತಹ ಸಾಮಾನಿಗೆ ಒಂದು ವಿಶಿಷ್ಟ ಗಣಿತವಿದೆ. ಅವರವರ ಕಡೆಯಿಂದ ಬಂದದ್ದು ನೆನಪು, ಇನ್ನೊಬ್ಬರ ಕಡೆಯಿಂದ ಬಂದದ್ದು ಅಡಚಣೆ. ‘ಆ ಗಂಟೆ ಕಟ್ಟಾಕ ಎತ್ತು ಎಲ್ಲಿ ಅದಾವ್ರಿ?’ ಎಂದು ಅವಳು ಕೇಳುತ್ತಾಳೆ. ‘ಬೀಸಾಕ ನೀ ಕೂಡ್ತಿ ಏನು?’ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಇಬ್ಬರ ಬಳಿಯೂ ಉತ್ತರವಿಲ್ಲದ ಕಾರಣ ಷಟರ್ ಮತ್ತೆ ಕೆಳಗಿಳಿಯುತ್ತದೆ.

ಇದು ನಮ್ಮ ಊರಿನ ರೋಗ ಮಾತ್ರವೆಂದು ಯಾರೂ ಭಾವಿಸಬೇಕಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಸಂಶೋಧಕರು 32 ಮಧ್ಯಮವರ್ಗದ ಕುಟುಂಬಗಳ ಮನೆಗಳನ್ನು ಪುರಾತತ್ವಜ್ಞರು ಉತ್ಖನನ ಮಾಡುವ ಶ್ರದ್ಧೆಯಿಂದ ದಾಖಲಿಸಿ 2012ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರು ಕಂಡಂತೆ ಶೇ 75ರಷ್ಟು ಗ್ಯಾರೇಜುಗಳಲ್ಲಿ ಕಾರಿಗೆ ಜಾಗವಿರಲಿಲ್ಲ. ಅದೇ ಯೋಜನೆಯ ಭಾಗವಾಗಿ 2010ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮಹತ್ವದ್ದೆನಿಸುತ್ತದೆ. ಇಬ್ಬರೂ ದುಡಿಯುವ ಕುಟುಂಬಗಳ 60 ಮಂದಿ ಗಂಡ ಹೆಂಡಿರಿಗೆ ತಮ್ಮ ತಮ್ಮ ಮನೆಯನ್ನು ಸುತ್ತಿ ತೋರಿಸುತ್ತಾ ವರ್ಣಿಸಲು ಹೇಳಲಾಯಿತು. ಜೊತೆಗೆ ದಿನದ ಬೇರೆ ಬೇರೆ ಹೊತ್ತಿನಲ್ಲಿ ಅವರ ಜೊಲ್ಲಿನಲ್ಲಿರುವ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆಯಲಾಯಿತು. ಬೆಳಿಗ್ಗೆ ಏರಿ ಸಂಜೆಗೆ ಇಳಿಯಬೇಕಾದ ಈ ಹಾರ್ಮೋನು, ಮನೆ ಅಸ್ತವ್ಯಸ್ತವಾಗಿದೆ, ಕೆಲಸ ಅರ್ಧಕ್ಕೆ ನಿಂತಿದೆ ಎಂದು ಹೇಳಿಕೊಂಡ ಹೆಂಡತಿಯರಲ್ಲಿ ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಈ ಸಂಬಂಧ ಅಷ್ಟಾಗಿ ಕಂಡುಬರಲಿಲ್ಲ. ಅಂದರೆ ಒಂದೇ ರಾಶಿಯನ್ನು ಇಬ್ಬರು ನೋಡುತ್ತಾರೆ. ಒಬ್ಬರಿಗೆ ಅದು ಸಾಮಾನು, ಇನ್ನೊಬ್ಬರಿಗೆ ಬಾಕಿ ಉಳಿದ ಕೆಲಸ. ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಕೇಳಿದ್ದರೆ ಜೊಲ್ಲು ಪರೀಕ್ಷೆಯ ಖರ್ಚು ಉಳಿಯುತ್ತಿತ್ತು ಎಂಬುದು ಬೇರೆ ಮಾತು.

ಆದರೆ ಅಮೆರಿಕದವರ ಗ್ಯಾರೇಜು ತುಂಬುವುದಕ್ಕೂ ನಮ್ಮದು ತುಂಬುವುದಕ್ಕೂ ಒಂದು ಅಂತರವಿದೆ. ಅಲ್ಲಿ ಅದಕ್ಕೆ ಕಾರಣ ಅತಿಯಾದ ಖರೀದಿ. ಇಲ್ಲಿ, ಎರಡು ನದಿಗಳ ನಡುವಿನ ಈ ದೋಆಬದಲ್ಲಿ, ಅದರ ಬೇರು ಅಭಾವದ ನೆನಪಿನಲ್ಲಿದೆ. 1876–78ರ ಮಹಾಕ್ಷಾಮ ಈ ಸೀಮೆಯನ್ನು ಹಿಂಡಿಹಾಕಿತ್ತು. ಕೃಷ್ಣೆ, ತುಂಗಭದ್ರೆಯರು ಎಡಬಲಕ್ಕೆ ಹರಿಯುತ್ತಿದ್ದರೂ ಕಾಲುವೆ ಬರುವತನಕ ಹೊಲಗಳು ಮಳೆಯ ಮುಖ ನೋಡಿಯೇ ಬದುಕಿದವು. ಆದುದರಿಂದಲೇ ನಮ್ಮ ಹಿರಿಯರು ಅಂಗಳದಲ್ಲಿ ಹಗೇವು ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಳ ನಂತರ ತೆರೆದಾಗ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹೊತ್ತು ಕಾಯುತ್ತಿದ್ದರು. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಒಳಗಿಳಿಯುತ್ತಿದ್ದ. ನಮ್ಮ ಶೆಡ್ಡಿನ ಷಟರನ್ನು ವರ್ಷದ ಬಳಿಕ ಎತ್ತಿದಾಗಲೆಲ್ಲ ನನಗೆ ಆ ದೀಪದ ನೆನಪಾಗುತ್ತದೆ.

ಅಭಾವ ಇನ್ನೂ ಸಂಪೂರ್ಣವಾಗಿ ಕಥೆಯಾಗಿಲ್ಲ. ಪಕ್ಕದ ಶಕ್ತಿನಗರದಲ್ಲಿ 1985ರಿಂದ ಉಷ್ಣ ವಿದ್ಯುತ್ ಸ್ಥಾವರವಿದೆ, ಅದರ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಹೀಗಿದ್ದೂ ನಮ್ಮಲ್ಲಿ ಲಾಟೀನನ್ನು ಎಸೆಯಲು ಕೈ ಬರುವುದಿಲ್ಲ. ನೀರಿನ ವಿಷಯ ಹೇಳುವುದೇ ಬೇಡ. ನಳ ಬರುವ ದಿನಕ್ಕೆ ಹಿಡಿದಿಡಲು ಬ್ಯಾರಲ್ಲು, ಕೊಡ, ಬಕೀಟು ಬೇಕೇ ಬೇಕು. 2022ರ ಬೇಸಿಗೆಯ ಕೊನೆಯಲ್ಲಿ ಈ ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಮೇಲೆ ಕುಡಿಯುವ ನೀರಿನ ಕ್ಯಾನುಗಳ ಸಾಲೊಂದು ಬೇರೆ ಸೇರಿಕೊಂಡಿತು. ಬೆಂಗಳೂರಿನಿಂದ ಬಂದ ಮಗಳು ‘ಇಷ್ಟೆಲ್ಲ ಯಾಕಮ್ಮಾ?’ ಎಂದಾಗ ಅವಳ ತಾಯಿ ಉತ್ತರ ಹೇಳಲಿಲ್ಲ. ನಳದ ಕಡೆ ಕೈ ತೋರಿಸಿದಳು.

ಕೂಡಿಡುವುದನ್ನು ಬಲ್ಲವರು ಬಿಡುವುದನ್ನೂ ಬಲ್ಲವರಾಗಿದ್ದರು. ಮಹಾನವಮಿಗೆ ಮುನ್ನ ಮನೆಯ ಸಮಸ್ತ ಹಾಸಿಗೆ ಹೊದಿಕೆಗಳು ಬಂಡಿಯೇರಿ ಹಳ್ಳಕ್ಕೆ ಹೋಗುತ್ತಿದ್ದವು. ಅಟ್ಟ ಬರಿದಾಗಿ, ಸುಣ್ಣ ಕಂಡು ಮತ್ತೆ ತುಂಬುತ್ತಿತ್ತು. ಹರಿದ ಸೀರೆ ಕೌದಿಯಾಗುತ್ತಿತ್ತು. ಕೌದಿ ಸವೆದರೆ ಅದರ ಮೇಲೆ ಇನ್ನೊಂದು ಸೀರೆ. ಮುರಿದ ನೇಗಿಲು ಒಲೆಗೆ, ಒಡೆದ ಗಡಿಗೆ ತಿಪ್ಪೆಗೆ, ಹಳೆಯ ಬಟ್ಟೆ ಸ್ಟೀಲ್ ಪಾತ್ರೆ ಹೊತ್ತು ತರುವವಳ ಬುಟ್ಟಿಗೆ. ಕಾಲುವೆಯೊಂದಿಗೆ ಮಾನ್ವಿ, ಸಿಂಧನೂರು ಸೀಮೆಗೆ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದ ರೈತರು ಸಂಕ್ರಾಂತಿಯ ಮುನ್ನಾದಿನ ನಸುಕಿನಲ್ಲಿ ಭೋಗಿಯ ಬೆಂಕಿ ಹಾಕಿ ಹಳೆಯ ಕಟ್ಟಿಗೆ ಸಾಮಾನನ್ನು ಸುಡುವುದನ್ನು ಬಾಲ್ಯದಲ್ಲಿ ಬೆರಗಿನಿಂದ ನೋಡಿದ್ದೇನೆ. ನಮ್ಮ ಅಜ್ಜಿಗೆ ಮಾತ್ರ ಅದು ಅಕ್ಷಮ್ಯ ದುಂದು. ಈಗಿನ ಸಾಮಾನು ಈ ಯಾವ ದಾರಿಯನ್ನೂ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಕೌದಿಯಾಗದು, ಏರ್ ಕೂಲರು ತಿಪ್ಪೆಯಲ್ಲಿ ಕರಗದು. ಹಳೆಯ ಟಿವಿಯ ಗಾಜಿನಲ್ಲಿ ಸೀಸವಿದೆ. ಗುಜರಿಯವನು ಒಳಗಿನ ತಾಮ್ರ ಕಿತ್ತುಕೊಂಡು ಗಾಜನ್ನು ಎಲ್ಲಿ ಸುರಿಯುತ್ತಾನೋ ಎಂಬ ಅಳುಕಿನಿಂದಲೇ ಅದು ನಮ್ಮಲ್ಲಿ ವರ್ಷಗಟ್ಟಲೆ ಉಳಿಯಿತು. ವಿದ್ಯುನ್ಮಾನ ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ, ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನಮ್ಮ ಓಣಿಗೆ ಬರುವವನು ಮಾತ್ರ ತಕ್ಕಡಿಯ ಗುಜರಿಯವನೇ.

ಜಪಾನಿನ ಮಾರಿ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದು ಜಗತ್ತಿನಾದ್ಯಂತ ಮನೆಗಳನ್ನು ಖಾಲಿ ಮಾಡಿಸಿತು. ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು ಅದು ಸಂತೋಷ ನೀಡುತ್ತದೆಯೇ ಎಂದು ಕೇಳಿಕೊಳ್ಳಬೇಕಂತೆ. ಮೂರನೆಯ ಮಗುವಾದ ಮೇಲೆ ತಮ್ಮ ಮನೆಯೂ ಅಚ್ಚುಕಟ್ಟಾಗಿ ಉಳಿದಿಲ್ಲವೆಂದು ಅವರೇ 2023ರಲ್ಲಿ ಹೇಳಿದ್ದನ್ನು ಓದಿ ನಮ್ಮ ಮನೆಯಲ್ಲಿ ಒಂದು ಸಣ್ಣ ಸಂಭ್ರಮವಾಯಿತು. ತಮಾಷೆ ಹಾಗಿರಲಿ, ಆ ಪ್ರಶ್ನೆ ಒಂಟಿ ಮನುಷ್ಯನಿಗೆ ಹೇಳಿಮಾಡಿಸಿದ್ದು. ದಂಪತಿಗಳ ಮನೆಯಲ್ಲಿ ಯಾರ ಸಂತೋಷ ಎಂಬುದೇ ಮೊದಲ ಪ್ರಶ್ನೆ. ಮೇಲಾಗಿ ಸಂತೋಷ ಕೊಡದೆಯೂ ಇಟ್ಟುಕೊಳ್ಳಲೇಬೇಕಾದ ವಸ್ತುಗಳಿವೆ.

ಕಳೆದ ಮಹಾನವಮಿಗೆ ಮುನ್ನ ನಾವು ಒಂದು ಕರಾರಿಗೆ ಬಂದೆವು. ಮಾನ್ವಿಯದನ್ನು ನಾನು, ದೇವದುರ್ಗದ್ದನ್ನು ಅವಳು ನಿರ್ಧರಿಸತಕ್ಕದ್ದು. ಒಬ್ಬರ ರಾಶಿಯ ಬಗ್ಗೆ ಇನ್ನೊಬ್ಬರು ಬಾಯಿ ತೆರೆಯಕೂಡದು. ನಮ್ಮಿಬ್ಬರ ಸಂಪಾದನೆಯನ್ನು ಮಾತ್ರ ಕೂಡಿ ವಿಂಗಡಿಸುವುದು. ಮೂರನೆಯ ಈ ರಾಶಿ ಅರ್ಧ ದಿನದಲ್ಲಿ ಕರಗಿತು. ಸೈಕಲ್ಲು, ಪೆಟ್ಟಿಗೆಯಲ್ಲಿದ್ದ ಪಾತ್ರೆ ಪಗಡಗಳು ದೇವದುರ್ಗದ ಕಡೆಯಿಂದ ದುಡಿಯಲು ಬಂದು ಹತ್ತಿರದ ಕಟ್ಟಡದಲ್ಲಿ ಕೆಲಸಕ್ಕಿರುವ ಕುಟುಂಬಕ್ಕೆ ಹೋದವು. ಗುಳೆ ಹೋಗುವವರ ಮನೆ ಒಂದು ಗಂಟಿನಲ್ಲಿ ಮುಗಿಯುತ್ತದೆ. ಆ ತಾಯಿ ಪಾತ್ರೆಗಳನ್ನೆಲ್ಲ ತೆಗೆದುಕೊಳ್ಳದೆ, ಎರಡನ್ನು ಆರಿಸಿಕೊಂಡು ಉಳಿದದ್ದನ್ನು ಹಿಂದಿರುಗಿಸಿದಳು. ‘ಹೊರಾಕ ಆಗಂಗಿಲ್ರೀ ಅಮ್ಮಾರ’ ಎಂದಳು.

ಅಜ್ಜನ ಕಾಗದದ ಗಂಟಿನಲ್ಲಿದ್ದದ್ದು ಬಹುತೇಕ ಉರ್ದು. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ದಫ್ತರಗಳೆಲ್ಲ ಆ ಭಾಷೆಯವು. ಅಜ್ಜ ಓದಬಲ್ಲವರಾಗಿದ್ದರು, ತಂದೆಗೆ ಸಹಿ ಮಾತ್ರ ಗುರುತು ಸಿಗುತ್ತಿತ್ತು, ನನಗೆ ಅಕ್ಷರವೇ ತಿಳಿಯದು. ಹಿರಿಯ ನಿವೃತ್ತ ಶಿಕ್ಷಕರೊಬ್ಬರು ಎರಡು ಮಧ್ಯಾಹ್ನ ಕುಳಿತು ಓದಿ ಹೇಳಿದರು. ಹೆಚ್ಚಿನವು ಕಂದಾಯದ ರಸೀದಿಗಳು. ಫಸಲಿ 1347ರ, ಎಂದರೆ ಸುಮಾರು 1937–38ರ ಒಂದು ಚೀಟಿ ಬೇರೆ ಬಗೆಯದು. ಬಿತ್ತನೆ ಖರ್ಚಿಗೆಂದು ಸಾಹುಕಾರನಲ್ಲಿ ಒತ್ತೆ ಇಟ್ಟ ಸಾಮಾನಿನ ಪಟ್ಟಿ: ತಾಮ್ರದ ಹಂಡೆ ಎರಡು, ಕೊಪ್ಪರಿಗೆ ಒಂದು, ಹಿತ್ತಾಳೆಯ ಕೊಡ ನಾಲ್ಕು, ತಂಬಿಗೆ ಆರು, ಪಡೆದ ಹಣ ಹಾಲಿ ಸಿಕ್ಕಾದಲ್ಲಿ. ಮಕ್ಕಳ ಹೆಸರಿನಲ್ಲಿ ಠೇವಣಿ ಇಡಿಸುವುದೇ ವೃತ್ತಿಯಾಗಿದ್ದ ನನಗೆ ಅಡುಗೆಮನೆಯೇ ಬ್ಯಾಂಕಾಗಿದ್ದ ಕಾಲದ ಖಾತೆಪುಸ್ತಕ ಸಿಕ್ಕಂತಾಯಿತು. ಆ ಹಂಡೆಗಳು ಮರಳಿ ಬಂದವೋ ಇಲ್ಲವೋ ಚೀಟಿ ಹೇಳುವುದಿಲ್ಲ. ನಾನು ಕಂಡ ಮಾನ್ವಿಯ ಮನೆಯಲ್ಲಿ ಸ್ನಾನದ ನೀರು ಕಾಯುತ್ತಿದ್ದುದು ಕಬ್ಬಿಣದ ಕಡಾಯಿಯಲ್ಲಿ.

ಚೀಟಿಯನ್ನು ಓದಿಸಿದ ಸಂಜೆ ಹೆಂಡತಿ ತನ್ನ ಹಂಡೆಯ ವಿಷಯ ತೆಗೆದಳು. ನಮ್ಮ ಮದುವೆಯಾದದ್ದು 1988ರಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡುವ ಕರ್ನಾಟಕದ ತಿದ್ದುಪಡಿ 1994ರ ಜುಲೈನಲ್ಲಿ ಜಾರಿಗೆ ಬಂದಾಗ ಅದಕ್ಕೂ ಮುಂಚೆ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. 2014ರಲ್ಲಿ ದೇವದುರ್ಗದ ಪಾಲಿನ ಹೊತ್ತಿಗೆ ಕಾನೂನು ಅವಳ ಕಡೆಗೇ ಇತ್ತು. ತವರಿನ ಬಾಗಿಲು ಮುಚ್ಚಬಾರದೆಂದು ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟಳು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿದು ಬೆಲೆ ಏರಿದ ಹೊಲ ಅದು. ಸಹಿ ಮಾಡಿ ಬರುವಾಗ ಅಣ್ಣ ಒಂದು ಸೀರೆ ಉಡಿಸಿ, ‘ಅವ್ವನ ಹಂಡೆ ನೀನ ಒಯ್ಯವಾ’ ಎಂದ. ‘ನಿಮ್ಮ ಅಜ್ಜನ ಹಂಡೀಗಿ ಬೆಲಿ ಕಟ್ಟಿದಾರ ನೋಡ್ರಿ, ನನ್ನ ಹಂಡೀಗಿ ಎಂಟೆಕರೆ’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹತ್ತು ವರ್ಷ ಶೆಡ್ಡಿನ ಮೂಲೆಯಲ್ಲಿ ಬೋರಲು ಬಿದ್ದಿದ್ದ ಆ ವಸ್ತುವಿನ ಬಗ್ಗೆ ನಾವಿಬ್ಬರೂ ಮಾತನಾಡಿದ್ದು ಅದೇ ಮೊದಲು.

ಗುಜರಿಯವನು ಬಂದ ದಿನ ಬೀಸುವ ಕಲ್ಲನ್ನು ಬಿಟ್ಟು ಉಳಿದ ಭಾರವೆಲ್ಲ ಹೋಯಿತು. ನನ್ನ ರಾಶಿಯಿಂದ ಒಂದು ಗಂಟೆ, ಕೂರಿಗೆಯ ಬಟ್ಟಲು, ಆ ಒಂದು ಚೀಟಿ ಉಳಿದವು. ಟಿವಿಯನ್ನು ಮಗಳು ಬೆಂಗಳೂರಿನ ಅಧಿಕೃತ ಸಂಗ್ರಹ ಕೇಂದ್ರಕ್ಕೆ ತಲುಪಿಸುವುದಾಗಿ ಒಯ್ದಳು. ಕೌದಿಗಳನ್ನು ಹಳ್ಳಕ್ಕೆ ಒಯ್ಯುವ ಬಂಡಿ ಈಗ ಇಲ್ಲವಾದ್ದರಿಂದ ಮಾಳಿಗೆಯ ಮೇಲೆ ಎರಡು ದಿನ ಒಣಗಿಸಿದೆವು. ಗುಜರಿಯವನ ಕಣ್ಣು ಮಾತ್ರ ಹಂಡೆಯ ಮೇಲೆಯೇ ಇತ್ತು. ತಾಮ್ರಕ್ಕೆ ಒಳ್ಳೆಯ ದರ ಬಂದಿದೆಯೆಂದು, ತೂಗಿಯಾದರೂ ನೋಡೋಣವೆಂದು ತಕ್ಕಡಿ ಮುಂದೆ ಮಾಡಿದ. ‘ತೂಗಬ್ಯಾಡಪ್ಪಾ’ ಎಂದಳು ಅವಳು. ಮರುದಿನ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿಸಿ ಬಚ್ಚಲುಮನೆಯಲ್ಲಿ ಇಡಿಸಿದ್ದಾಳೆ. ಆರು ಕೊಡ ನೀರು ಹಿಡಿಯುತ್ತದೆ. ನಳ ಬಂದ ದಿನ ಮೊದಲು ತುಂಬುವುದು ಅದೇ.