ಗವಿಪುರದ ಬೆಳಕು ವರ್ಷಕ್ಕೆ ಎರಡು ಸಲ

ಸಂಕ್ರಾಂತಿ ಬಂತೆಂದರೆ ಟಿವಿ ಕ್ಯಾಮೆರಾಗಳು ಬೆಂಗಳೂರಿನ ಗವಿಪುರಕ್ಕೆ ಮುತ್ತಿಗೆ ಹಾಕುತ್ತವೆ. ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಇಳಿಹೊತ್ತಿನ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುತ್ತದೆ. ‘ವರ್ಷಕ್ಕೊಮ್ಮೆ ಮಾತ್ರ ನಡೆಯುವ ಪವಾಡ’ ಎಂದು ನಿರೂಪಕರು ಕೂಗುತ್ತಾರೆ. ಅದೇ ದಿನ ಏಕೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಅದೇ ದಿನ ಅಂತೇನೂ ಇಲ್ಲ ಎಂಬುದೇ ಉತ್ತರದ ಮೊದಲ ಸಾಲು.

ಜೋಕಾಲಿಯನ್ನು ಪಕ್ಕದಿಂದ ನೋಡಿ. ನಡುವೆ ಅದು ಭರ್ರನೆ ಸಾಗುತ್ತದೆ, ತುದಿಗೆ ಬಂದಂತೆ ನಿಧಾನವಾಗುತ್ತದೆ, ಒಂದು ಗಳಿಗೆ ನಿಂತು ಹಿಂದಿರುಗುತ್ತದೆ. ತುದಿಯೊಂದನ್ನು ಬಿಟ್ಟು ಉಳಿದ ಪ್ರತಿ ಜಾಗವನ್ನೂ ಹೋಗುವಾಗೊಮ್ಮೆ, ಬರುವಾಗೊಮ್ಮೆ ದಾಟುತ್ತದೆ. ಸೂರ್ಯ ಮುಳುಗುವ ಜಾಗವೂ ಹೀಗೆಯೇ ತೂಗುತ್ತದೆ. ಬೆಂಗಳೂರಿನಲ್ಲಿ ಅದರ ದಕ್ಷಿಣದ ತುದಿ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಎಡಕ್ಕೆ. ತಲುಪುವುದು ಡಿಸೆಂಬರ್ 21ರ ಆಸುಪಾಸಿನಲ್ಲಿ. ಜನವರಿ 14ಕ್ಕೆ ಅದು ಸುಮಾರು 22 ಡಿಗ್ರಿಗೆ ಮರಳಿರುತ್ತದೆ. ತುದಿಯಿಂದ ಅಷ್ಟೇ ದಿನ ಹಿಂದಕ್ಕೆ ಎಣಿಸಿ: ನವೆಂಬರ್ ಕೊನೆಯ ವಾರ. ಆಗಲೂ ಬಿಸಿಲು ಲಿಂಗದ ಮೇಲೆ ಬೀಳುತ್ತದೆ, ಕ್ಯಾಮೆರಾಗಳು ಮಾತ್ರ ಇರುವುದಿಲ್ಲ. ತುದಿಯ ಹತ್ತಿರ ಚಲನೆ ನಿಧಾನ, ಸೂರ್ಯಬಿಂಬಕ್ಕೂ ಅರ್ಧ ಡಿಗ್ರಿ ಅಗಲವಿದೆ. ಹಾಗಾಗಿ ಎರಡು ಸಲವೂ ಈ ನೋಟ ಕೆಲವು ದಿನ ಇರುತ್ತದೆ.

ಇದನ್ನು ಅಳೆದು ತೋರಿಸಿದವರು ನಮ್ಮ ಜವಾಹರಲಾಲ್ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು. ಅವರ ಅಧ್ಯಯನ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನನಗೆ ಹಿಡಿಸಿದ್ದು ಅವರು ಹುಡುಕಿದ ಸಾಕ್ಷಿ: ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿತ್ರಕಾರರು 1792ರ ಸುಮಾರಿಗೆ ಬಿಡಿಸಿದ ಇದೇ ಗುಡಿಯ ಚಿತ್ರ. ಅದರಲ್ಲಿ ಇಂದಿನಷ್ಟು ಕಟ್ಟಡಗಳಿಲ್ಲ. ಎರಡು ಡಿಗ್ರಿಯಲ್ಲಿ ಮೂರು ವಾರ ಅಡಗಿರುವಾಗ, ಒಂದು ಗೋಡೆ ಎದ್ದರೂ ಬೆಳಕಿನ ದಿನಾಂಕ ಬದಲಾಗಬಹುದು. ಅಂಗಳದಲ್ಲಿ ಕಲ್ಲುಕಂಬಗಳ ಮೇಲೆ ನಿಂತ ಸೂರ್ಯಪಾನ, ಚಂದ್ರಪಾನ ಎಂಬ ಕಲ್ಲಿನ ಬಿಲ್ಲೆಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಇನ್ನೊಂದು ತಮಾಷೆಯಿದೆ. ಬೆಳಕು ಭೂಮಿಯ ಓರೆಗೆ ಅಂಟಿಕೊಂಡಿದೆ, ನಮ್ಮ ಪಂಚಾಂಗದ ಸಂಕ್ರಾಂತಿ ನಕ್ಷತ್ರಗಳಿಗೆ. ಇವೆರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೆಳೆಯುತ್ತದೆ. ಕೆಲವು ಶತಮಾನ ಕಳೆದರೆ ಹಬ್ಬ ಮುಂದಕ್ಕೆ ಹೋಗಿ, ಬಿಸಿಲು ಹಿಂದೆ ಉಳಿಯುತ್ತದೆ.

ನೂಕುನುಗ್ಗಲಿಲ್ಲದೆ ನೋಡಬೇಕೆನ್ನುವವರು ನವೆಂಬರ್ 28ರ ಹಿಂದುಮುಂದಿನ ದಿನಗಳಲ್ಲಿ ಇಳಿಹೊತ್ತಿಗೆ ಹೋಗಿ. ಹಿಂಗಾರಿನ ಮೋಡ ಅಡ್ಡ ಬಂದರೆ ಮರುದಿನ ಇನ್ನೊಮ್ಮೆ ಪ್ರಯತ್ನಿಸಬಹುದು.